ಬಣ್ಣದ ದಿನದ ದವಾಖಾನೆ

ಪರಿಧಾವಿ ಸಂವತ್ಸರದ ಫಾಲ್ಗುಣ ಹುಣ್ಣಿಮೆ ಶನಿವಾರ ಬಂದಿತ್ತು. ಇಂಗ್ಲಿಷ್ ತಾರೀಖಿನ ಪ್ರಕಾರ ೧೯೧೩ನೆಯ ಇಸವಿಯ ಮಾರ್ಚ್ ೨೨. ನನ್ನ ಮೇಜಿನ ಮೇಲಿರುವ ಆ ವರ್ಷದ ಪಂಚಾಂಗದಿಂದ ಇದನ್ನು ಎತ್ತಿಕೊಂಡಿದ್ದೇನೆ. ಮರುದಿನ ಆಡಿದ ಬಣ್ಣ ನಮ್ಮ ಡಾಕ್ಟರರ ಎಡಗಿವಿಯ ಹಿಂದಿನ ಮಡಿಕೆಯಲ್ಲಿ ಯುಗಾದಿಯವರೆಗೂ ಕೆಂಪಗೆ ಉಳಿದಿತ್ತು. ಎಷ್ಟು ತಿಕ್ಕಿದರೂ ಅದು ಹೋಗಲಿಲ್ಲವೋ, ಅವರು ತಿಕ್ಕಲೇ ಇಲ್ಲವೋ, ಆ ಬಗ್ಗೆ ನನ್ನಲ್ಲಿ ಆಧಾರವಿಲ್ಲ.

ಅವರು ಬೈಲಹೊಂಗಲದ ದವಾಖಾನೆಯ ಡಾಕ್ಟರರು. ಗಿಡ್ಡ ಆಳು, ಅಗಲ ಭುಜ, ಸದಾ ಒಂದು ಕಡೆಗೆ ವಾಲಿದ ರುಮಾಲು. ಕೈ ತೊಳೆಯುವಾಗ ಮಾತ್ರ ಲಾವಣಿ ಹಾಡುತ್ತಿದ್ದರು. ಹಾಡು ಮುಗಿಯುವವರೆಗೆ ಕೈ ತೊಳೆಯಬೇಕೆಂಬುದು ಅವರ ನಿಯಮ. ನಾನಾಗ ಪುಣೆಯಲ್ಲಿ ವಿಜ್ಞಾನದ ಪದವಿ ಮುಗಿಸಿ ನೌಕರಿಯ ದಾರಿ ಕಾಯುತ್ತಿದ್ದೆ. ನಮ್ಮ ಮನೆ ಇದ್ದದ್ದು ಚಚಡಿಯಲ್ಲಿ. ಆದರೆ ಡಾಕ್ಟರರ ಬಳಿ ಒಂದು ಸೂಕ್ಷ್ಮದರ್ಶಕವಿದ್ದುದರಿಂದ ನಾನು ಬೈಲಹೊಂಗಲದಲ್ಲೇ ಠಿಕಾಣಿ ಹೂಡಿದ್ದೆ. ಜನ ಅದನ್ನು ದುರ್ಬೀನು ಎನ್ನುತ್ತಿದ್ದರು.

ಅವರ ಶೋಧನೆಯ ವಿಷಯವನ್ನು ಅಂದಿನ ಸಭ್ಯರು ಬಾಯಿಬಿಟ್ಟು ಹೇಳುತ್ತಿರಲಿಲ್ಲ: ಗಂಡಸರಲ್ಲಿ ಲೈಂಗಿಕ ರೋಗಗಳು, ಅದರಲ್ಲೂ ಜನ ಗರ್ಮಿ ಎಂದು ಕರೆಯುತ್ತಿದ್ದ ಉಪದಂಶ. ದವಾಖಾನೆಯಲ್ಲಿ ಯಾರಾದರೂ 'ಕೆಟ್ಟ ರೋಗ' ಎಂದರೆ ಡಾಕ್ಟರರು ತಡೆಯುತ್ತಿದ್ದರು. "ಯಾಕಪಾ, ನೆಗಡಿ ಏನ್ ಒಳ್ಳೇದೇನು?" ಅವರು ಓದಿದ್ದ ವರದಿಗಳಲ್ಲೆಲ್ಲ ರೋಗಿಗಳೆಂದರೆ ಸವದತ್ತಿ ಗುಡ್ಡದ, ದೇವರಿಗೆ ಬಿಟ್ಟ ಹೆಂಗಸರು, ಪೇಟೆಯ ಹೆಂಗಸರು. ಇದು ಅವರಿಗೆ ಸಿಟ್ಟು ತರಿಸುತ್ತಿತ್ತು. "ಹೆಂಗಸರನ್ನ ಅಷ್ಟ ಎಣಿಸಿ ಕೈ ತೊಳಕೊಂಡಾರ. ಹಂಗಾರ ಮನೀ ಹೆಂಡ್ತಿಗೆ ಈ ರೋಗ ಗ್ವಾಡಿ ಹಾರಿ ಬಂತೇನು?"

ಗಂಡಸರನ್ನು ಕೇಳಬೇಕು ಎಂಬುದು ಅವರ ಹಟ. ಗಂಡಸರು ಹೇಳುವುದಿಲ್ಲ ಎಂಬುದು ಅವರ ಸಂಕಟ. ಅದೇ ಗಂಡಸರು ಹೋಳಿ ಬಂತೆಂದರೆ ಕಾಮಣ್ಣನ ಕಟ್ಟೆಯ ಮೇಲೆ ಹಲಗೆ ಬಡಿಯುತ್ತ, ಮನೆಯಲ್ಲಿ ಆಡಬಾರದ್ದನ್ನೆಲ್ಲ ಹಾಡಾಗಿ ಕಟ್ಟಿ ಹಾಡುತ್ತಿದ್ದರು. "ಹಲಗಿ ಮುಂದ ಎಲ್ಲಾ ಒದರತಾರ. ನನ್ನ ಮುಂದ ಬಂದ್ರ, ಹೊಟ್ಟಿ ನೂಸತೈತ್ರಿ ಅಂತಾರ" ಎಂದು ಡಾಕ್ಟರರು ನಗುತ್ತಿದ್ದರು. ಆ ನಗುವಿನಿಂದಲೇ ಉಪಾಯ ಹುಟ್ಟಿತು.

ಹುಣ್ಣಿಮೆಯ ಸಂಜೆ ಅವರು ಕಾಮಣ್ಣನ ಕಟ್ಟೆ ಏರಿದರು. ಅವರ ಬೆನ್ನ ಹಿಂದೆ ಹುಣಸೆಮರದ ಮೇಲೆ ಚಂದ್ರ ಗುಂಡಗೆ, ಒಂದು ಕಲೆಯೂ ಇಲ್ಲದ ಹಾಗೆ ಏಳುತ್ತಿದ್ದ. ಆ ಚಿತ್ರ ನನ್ನ ಕಣ್ಣಿಗೆ ಕಟ್ಟಿದಂತಿದೆ. ಹಲಗೆ ನಿಲ್ಲಿಸಿ ಅವರು ಕೂಗಿ ಹೇಳಿದರು:

"ನಾಳೆ ಮಾರಿ ತುಂಬ ಬಣ್ಣ ಬಳಕೊಂಡು ದವಾಖಾನಿಗೆ ಬರ್ರಿ. ಯಾರಿಗೆ ಗರ್ಮಿ ಐತಿ, ಯಾರಿಗೆ ಸಂಶೇ ಐತಿ, ಎಲ್ಲಾರೂ ಬರ್ರಿ. ಹೆಸರ ಕೇಳೂದಿಲ್ಲ, ಊರ ಕೇಳೂದಿಲ್ಲ. ಮಾರಿ ತೊಳಕೊಂಡ ಬಂದವ್ರನ್ನ ಒಳಗ ಬಿಡೂದಿಲ್ಲ!"

"ಡಾಕ್ಟರ್ ಸಾಹೇಬ್ರ, ನಿಮ್ಮ ಮಾರಿ?" ಗುಂಪಿನಿಂದ ಒಬ್ಬ ಮುದುಕ ಕೇಳಿದ.

"ಮೊದಲ ನಂದ ಬಳೀರಿ!"

ಬಳಿದರು. ಕಿವಿಯ ಹಿಂದಿನ ಕೆಂಪಿಗೆ ಅದೇ ಮೂಲ.

ಮರುದಿನ ಭಾನುವಾರ, ಈಸ್ಟರ್ ಹಬ್ಬ; ಇದನ್ನು ಕ್ರೈಸ್ತರ ಪಂಚಾಂಗದಲ್ಲಿ ಪ್ರತ್ಯೇಕವಾಗಿ ತಾಳೆ ನೋಡಿದ್ದೇನೆ. ಬೆಳಗಾವಿಯಿಂದ ಇಂಗ್ಲಿಷ್ ಮೇಲಧಿಕಾರಿ ತಪಾಸಣೆಗೆ ಬರುವ ಸಂಭವವಿರಲಿಲ್ಲ. ಇದು ಕಾಕತಾಳೀಯವೆಂದು ಡಾಕ್ಟರರನ್ನು ಬಲ್ಲ ಯಾರೂ ನಂಬಲಾರರು. ದವಾಖಾನೆಯ ಮುಂದೆ ಹಸಿರು, ಹಳದಿ, ಕೆಂಪು ಮುಖಗಳ ಸಾಲು. ಪೇಟೆಯ ಸಾವುಕಾರ ಯಾರೋ, ಗಾಡಿ ಹೊಡೆಯುವವನು ಯಾರೋ! "ಏ, ನಿನ್ನ ನಡಿಗಿ ನೋಡಿ ಗುರ್ತ ಹಿಡದೇನಿ!" ಎಂದು ಒಬ್ಬ ಛೇಡಿಸಿದರೆ, "ಹಿಡೀಪಾ, ನೀನೂ ಪಾಳೇದಾಗ ನಿಂತೀದಿ" ಎಂದು ಇನ್ನೊಬ್ಬ ಬಾಯಿ ಮುಚ್ಚಿಸುತ್ತಿದ್ದ.

ಡಾಕ್ಟರರು ಎಲ್ಲರಿಗೂ ಮೂರೇ ಪ್ರಶ್ನೆ ಕೇಳಿದರು. ಯಾವಾಗಿನಿಂದ ಐತಿ? ಏನ್ ಔಷಧ ಮಾಡೀರಿ? ಮನ್ಯಾಗ ಹೇಳೀರೇನು? ಮೊದಲೆರಡಕ್ಕೆ ನಗುತ್ತ ಉತ್ತರಿಸಿದವರು ಮೂರನೆಯದಕ್ಕೆ ಕೆಳಗೆ ನೋಡುತ್ತಿದ್ದರು. ಬಣ್ಣದ ಮುಖವೂ ಕೆಳಗಾಗುತ್ತದೆ ಎಂಬುದನ್ನು ನಾನು ಅಂದು ಕಂಡೆ. ಹುಣ್ಣಿನ ರಸವನ್ನು ಚಿತ್ರ ಬರೆಯುವ ಕಪ್ಪು ಶಾಯಿಯಲ್ಲಿ ಕಲಸಿ ಗಾಜಿನ ಮೇಲೆ ತೆಳ್ಳಗೆ ಎಳೆಯುವುದು ನನ್ನ ಕೆಲಸ. ಕಪ್ಪಿನ ನಡುವೆ ರೋಗಾಣು ಬೆಳ್ಳಗಿನ ಸುರುಳಿಯಾಗಿ ಕಾಣುತ್ತಿತ್ತು. ನನ್ನ ಮುಖವೂ ನೀಲಿಯಾಗಿತ್ತು.

ಮಧ್ಯಾಹ್ನ, ಬಾಗಿಲು ತುಂಬುವಂಥ ಒಬ್ಬ ತರುಣ ಬಂದ. ಓದುಗರಿಗೆ ಇಲ್ಲಿಯೇ ಹೇಳಿಬಿಡುವುದು ಲೇಸು: ಆತ ನನ್ನ ತಂಗಿಗೆ ನಿಶ್ಚಯವಾಗಿದ್ದ ಸುರೇಬಾನದ ವರ. ನಿಶ್ಚಯದ ದಿನ ನಾನು ಪುಣೆಯಲ್ಲಿದ್ದೆ, ಅವನನ್ನು ಕಂಡಿರಲಿಲ್ಲ. ಅವನೂ ನನ್ನನ್ನು ಕಂಡಿರಲಿಲ್ಲ. ಕುಸ್ತಿಪಟುವೆಂದು ಮಾತ್ರ ಕೇಳಿದ್ದೆ; ಆದರೆ ನಮ್ಮ ಸೀಮೆಯಲ್ಲಿ ಕುಸ್ತಿಪಟುಗಳಿಗೇನು ಬರವೇ?

ಡಾಕ್ಟರರು ಬಹಳ ಹೊತ್ತು ದುರ್ಬೀನಿನಲ್ಲಿ ನೋಡಿ ಅವನಿಗೂ ತೋರಿಸಿದರು.

"ಇಷ್ಟ ಸಣ್ಣಾವೇನ್ರಿ? ನಾ ಎಂಥೆಂಥಾವ್ರನ್ನ ಚಿತ್ ಮಾಡೇನ್ರಿ."

"ಇವನ್ನ ಚಿತ್ ಮಾಡಾಕ ಎರಡ ವರ್ಷ ಹಿಡೀತೈತಿ. ಲಗ್ನ ಆಗೇತೇನು?"

"ಬರೂ ತಿಂಗಳ ಐತ್ರಿ."

ಡಾಕ್ಟರರ ದನಿ ಇಳಿಯಿತು. "ಆರಾಮ ಆಗೂತನಕ ಆ ಲಗ್ನ ಆಗಬಾರದು. ಈಗ ಆದ್ರ ಆ ಹುಡಿಗೀಗೂ ಹತ್ತತೈತಿ, ನಾಳೆ ಹುಟ್ಟೂ ಕೂಸಿಗೂ ಹತ್ತತೈತಿ."

"ಮಂದಿಗೆಲ್ಲಾ ಹೇಳಿ ಆಗೇತ್ರಿ. ಮನ್ಯಾಗ ಏನಂತ ನಿಲ್ಲಸ್ಲಿ?"

ಹಬ್ಬದ ಹುರುಪಿನಲ್ಲಿ ನಾನು ಬಾಯಿ ಹಾಕಿದೆ: "ಗರಡ್ಯಾಗ ಬಿದ್ದು ಕಾಲ ಮುರೀತು ಅನ್ರಿ ಪೈಲ್ವಾನರ! ಕಾಲ ಮುರದ ವರನ್ನ ಯಾ ಬೀಗರೂ ಅವಸರ ಮಾಡೂದಿಲ್ಲ."

ಅವನು ಮೊದಲ ಸಲ ನಕ್ಕ. ನನ್ನ ಕೆನ್ನೆಗೆ ಇನ್ನಷ್ಟು ಬಣ್ಣ ಒರೆಸಿ ಹೋದ.

ಯುಗಾದಿಗೆ ನಾನು ಚಚಡಿಗೆ ಹೋದಾಗ ಅಪ್ಪ ಅಂಗಳದಲ್ಲಿ ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದರು. "ನಮ್ಮ ವರ ಗರಡ್ಯಾಗ ಬಿದ್ದು ಕಾಲ ಮುರಕೊಂಡಾನಂತೋ ತಮ್ಮಾ. ಲಗ್ನ ಮುಂದ ಹೋತು." ಬೇವು ಬೆಲ್ಲ ನನ್ನ ಬಾಯಲ್ಲೇ ಉಳಿಯಿತು.

ಅದೇ ದಿನ ಬೈಲಹೊಂಗಲಕ್ಕೆ ಮರಳಿದೆ. ನಿಮಗೆ ಗೊತ್ತಿತ್ತೇ ಎಂದು ಕೇಳಿದ್ದಕ್ಕೆ ಡಾಕ್ಟರರು, "ಬಣ್ಣದಾಗ ನನಗೂ ಗುರ್ತ ಸಿಗೂದಿಲ್ಲಪಾ" ಎಂದರು. ಈ ಸಂಬಂಧ ಮುರಿಯುತ್ತೇನೆ, ಅಪ್ಪನಿಗೆ ಹೇಳುತ್ತೇನೆ ಎಂದೆ.

"ಕುಂದರು. ನೀ ಕೇಳಿದ್ದು ನಿನ್ನ ಕಿವಿಲೆ ಅಲ್ಲ, ನನ್ನ ದವಾಖಾನಿ ಕಿವಿಲೆ. ಹೇಳಬೇಕಾದವ ಅವ, ಕೇಳಬೇಕಾದಕಿ ನಿನ್ನ ತಂಗಿ. ಹೂಂ ಅನ್ನಾಕಿ, ಉಹೂಂ ಅನ್ನಾಕಿ ಆಕಿ."

"ಅವ ಹೇಳದಿದ್ರ?"

"ಆಕಿಗೆ ಹೇಳೂತನಕ ನನ್ನ ಬಾಯಿಂದ ಆರಾಮ ಆದಿ ಅನ್ನೂ ಮಾತ ಬರೂದಿಲ್ಲ. ಅದನ್ನ ಅವಗ ಮೊದಲ ಹೇಳತೇನಿ. ಅಷ್ಟಕ್ಕೂ ಕೇಳದ ಲಗ್ನಕ್ಕ ಹೊಂಟ್ರ, ನಾನ ಅಡ್ಡ ಮಲಗತೇನಿ. ಸಾಕೇನು?"

ಸಾಕಾಗಿತ್ತು ಎಂದು ಬರೆದರೆ ಸುಳ್ಳಾಗುತ್ತದೆ. ಆ ಎರಡು ವರ್ಷ ತಂಗಿ ಎದುರಾದಾಗಲೆಲ್ಲ ನಾನು ಏನಾದರೊಂದು ಕೆಲಸದ ನೆಪ ಮಾಡಿ ಎದ್ದು ಹೋಗುತ್ತಿದ್ದೆ.

ಉಳಿದವರಿಗೆ ಮಾತ್ರ ಅದು ಮುರಿದ ಕಾಲಿನ ಕಾಲ. ಮೂಳೆ ಕೂಡಲೆಂದು ಅವ್ವ ತಿಂಗಳಿಗೊಮ್ಮೆ ಅಂಟಿನುಂಡಿ ಕಟ್ಟಿ ಸುರೇಬಾನಕ್ಕೆ ಕಳಿಸುತ್ತಿದ್ದಳು. ಬೊಂಬಾಯಿಯಿಂದ ತರಿಸಿದ ಆರುನೂರಾ ಆರು ಎಂಬ ಹೊಸ ಜರ್ಮನ್ ಔಷಧ ಚುಚ್ಚಿಸಿಕೊಳ್ಳಲು ವರ ಬೈಲಹೊಂಗಲಕ್ಕೆ ಬರುವಾಗ ಆ ಉಂಡಿಗಳನ್ನೇ ತರುತ್ತಿದ್ದ. ಡಾಕ್ಟರರು ಸೂಜಿ ಕುದಿಯುವಷ್ಟರಲ್ಲಿ ಅವನ್ನು ಮುಗಿಸುತ್ತಿದ್ದರು. ವರ ನಮ್ಮ ಕಡೆಯ ಯಾರೇ ಕಂಡರೂ ಕುಂಟುತ್ತಿದ್ದ. ಒಮ್ಮೆ ರಾಮದುರ್ಗದ ಸಂತೆಯಲ್ಲಿ ನಮ್ಮ ಅಜ್ಜ ಅವನನ್ನು ದೂರದಿಂದ ನೋಡಿ, "ಹುಡುಗ ಜ್ವಾಳದ ಚೀಲ ಹೊತ್ತಾಗ ಕುಂಟಲಿಲ್ಲ, ನನ್ನ ಕಂಡ ಮ್ಯಾಲ ಕುಂಟಿದ" ಎಂದು ಬಂದು ಹೇಳಿದರು. "ಹಿರ್ಯಾರಿಗೆ ಮರ್ಯಾದಿ ಕೊಡತಾನ" ಎಂದು ಅವ್ವ ಅರ್ಥ ಹೇಳಿದಳು.

ಎರಡನೆಯ ಹೋಳಿ ಕಳೆದ ಮೇಲೆ ವರ ಚಚಡಿಗೆ ಬಂದ. ಹಿತ್ತಲ ಬಾವಿಯ ಬಳಿ, ಕಿವಿ ಕೇಳದ ಅಜ್ಜಿಯನ್ನು ಕಾವಲಿಗೆ ಕೂರಿಸಿಕೊಂಡು, ತಂಗಿಯೊಂದಿಗೆ ಮಾತಾಡಿದ. ಆಮೇಲೆ ಅವಳು ನೇರ ನನ್ನ ಬಳಿ ಬಂದಳು. ಕಣ್ಣು ಕೆಂಪಾಗಿತ್ತು.

"ಅಣ್ಣಾ, ನೀ ಆ ದವಾಖಾನ್ಯಾಗ ಇದ್ದಿ. ನಿನಗ ಗೊತ್ತಿತ್ತು."

"ಹೂಂ."

"ಡಾಕ್ಟರ್ ಏನಂತಾರ?"

"ನಿನಗ ಹೇಳೂತನಕ ಏನೂ ಅನ್ನೂದಿಲ್ಲ ಅಂದಿದ್ರು. ಈಗ ಕೇಳೂಣು."

ಕೇಳಿದೆವು. ಅವಳೇ ಬಂದು ಎದುರಿಗೆ ಕುಳಿತು ಕೇಳಿದಳು. ಬೊಂಬಾಯಿಗೆ ಕಳಿಸಿದ ರಕ್ತದ ಪರೀಕ್ಷೆಯಲ್ಲಿ ದೋಷವಿಲ್ಲವೆಂದು ಬಂದಿದ್ದನ್ನೂ, ಇಷ್ಟರಿಂದ ಏನು ಖಚಿತ, ಏನು ಖಚಿತವಲ್ಲ ಎಂಬುದನ್ನೂ ಡಾಕ್ಟರರು ಒಂದನ್ನೂ ಬಿಡದೆ ಹೇಳಿದರು. "ಇನ್ನ ನೀ ಹೇಳವಾ" ಎಂದರು.

ತಂಗಿ, "ಹಂಗಾರ ಕಾಲು?" ಎಂದಳು.

"ಕಾಲ ಮುರದ ಇಲ್ಲ" ಎಂದೆ ನಾನು.

"ಮತ್ತ ಅವ್ವ ಕಳಿಸಿದ ಉಂಡಿ?"

ಡಾಕ್ಟರರು ರುಮಾಲು ಸರಿಪಡಿಸಿಕೊಂಡರು. ಅವಳಿಗೆ ತಿಳಿಯಿತು. ನಗು ತಡೆಯಲಾರದೆ ಬಾಗಿಲಿಗೆ ಆತುಕೊಂಡಳು. "ಸುಳ್ಳ ಕಾಲ ಹೇಳಿದ್ರೂ ಖರೇ ಮಾತ ಅವರ ಬಂದು ಹೇಳಿದ್ರು. ಲಗ್ನ ಆಗಲ್ರಿ" ಎಂದಳು.

ಮದುವೆಯ ಊಟದಲ್ಲಿ ಡಾಕ್ಟರರು ಅಂಟಿನುಂಡಿ ಬಾಯಿಗಿಟ್ಟು, "ಅಕ್ಕಾರ, ಈ ಸಲ ಯಾಲಕ್ಕಿ ಕಡಿಮಿ ಆಗೇತ್ರಿ" ಎಂದರು. "ನೀವ್ ಹಿಂದ ಎಂದ ತಿಂದೀರಿ?" ಎಂದು ಅವ್ವ ಕೇಳಿದಳು. ಮಂಟಪದಲ್ಲಿ ಮದುಮಗ ಕೆಮ್ಮಿದ.

ಆ ಬಣ್ಣದ ದಿನ ನನಗೆ ನನ್ನ ವೃತ್ತಿಯನ್ನು ಕೊಟ್ಟಿತು. ಮುಂದೆ ಜೀವಮಾನವೆಲ್ಲ ಇದೇ ರೋಗಗಳ ಶೋಧನೆಯಲ್ಲಿ ಕಳೆದೆ. ಹೆಸರು ಕೇಳದೆ ಪ್ರಶ್ನೆ ಕೇಳುವುದನ್ನು ಅವರಿಂದ ಕಲಿತೆ. ಡಾಕ್ಟರರು ತೀರಿಕೊಂಡಾಗ ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯಿಂದ ಗುರುತಿಲ್ಲದ ಗಂಡಸರು ಎಷ್ಟೋ ಜನ ಬಂದಿದ್ದರು. ಕೆಲವರು ಹೆಂಡತಿಯರನ್ನೂ ಕರೆತಂದಿದ್ದರು. ಡಾಕ್ಟರರು ನಿಮಗೆ ಹೇಗೆ ಪರಿಚಯ ಎಂದು ಕೇಳಿದರೆ, "ಹೋಳ್ಯಾಗ ಕೂಡಿ ಬಣ್ಣ ಆಡೇವ್ರಿ" ಎನ್ನುತ್ತಿದ್ದರು.

ಇದನ್ನು ಬರೆಯಲು ತಂಗಿಯೂ ಅವಳ ಗಂಡನೂ ಒಪ್ಪಿದ್ದಾರೆ. "ಹೆಸರೊಂದ ಬಿಟ್ಟ ಬರೀರಿ. ಡಾಕ್ಟರೂ ಕೇಳಿರಲಿಲ್ಲ" ಎಂದನಾತ.

ಕೊನೆಗೆ ತಾಳೆಯಾಗದ ಒಂದು ಮಾತು. ಅದೇ ಪಂಚಾಂಗದ ಅದೇ ಪುಟದಲ್ಲಿ, ಆ ಹುಣ್ಣಿಮೆಗೆ ಗ್ರಸ್ತೋದಯ ಚಂದ್ರಗ್ರಹಣವೆಂದು ಬರೆದಿದೆ. ಎಂದರೆ ಅಂದು ಚಂದ್ರ ಗ್ರಹಣ ಹಿಡಿದೇ ಹುಟ್ಟಿದ್ದ. ನಾನು ಕಂಡ ಕಲೆಯಿಲ್ಲದ ಚಂದ್ರ ಹುಣಸೆಮರದ ಮೇಲೆ ಏಳಲು ಸಾಧ್ಯವೇ ಇಲ್ಲ. ವರ್ಷವನ್ನಾದರೂ ಬದಲಿಸೋಣವೆಂದರೆ ತಂಗಿಯ ಹಿರಿಯ ಮಗನ ಜಾತಕ ಒಪ್ಪುವುದಿಲ್ಲ. ನನ್ನ ಪೇಚಾಟವನ್ನು ತಂಗಿಗೆ ಓದಿ ಹೇಳಿದೆ. ಅವಳು ಶೇಂಗಾ ಸುಲಿಯುತ್ತಿದ್ದಳು. ಮೊಮ್ಮಕ್ಕಳು ಅವಳ ಮೊರದಿಂದ ಕಾಳು ಕದಿಯುತ್ತಿದ್ದರು.

"ಹಿಡದಿತ್ತು ಅಂದ್ರ ಹಿಡದಿತ್ತಣ್ಣಾ" ಎಂದಳು. "ಬಿಟ್ಟಿತಲ್ಲ."

ಪಂಚಾಂಗದ ಮಾತನ್ನು ಇಲ್ಲಿ ನಮೂದಿಸಿದ್ದೇನೆ. ಮೇಲೆ ಬರೆದ ಚಂದ್ರನನ್ನು ತಿದ್ದಿಲ್ಲ.