ತೇರ್ಸಿನ ಹೊತ್ತಿಗೆ ಹ್ಯಾಂಗ್ ಆಗುತ್ತಿದ್ದ ಲ್ಯಾಪ್‌ಟಾಪ್

ನಿನಗೆ ಎಂತ ಕೆಲಸ ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ಸಿಡುಕೇ ಬರುತ್ತದೆ. ಹೇಳಿ ಮುಗಿಸುವಷ್ಟರಲ್ಲಿ ಎಲ್ಲರೂ ತಮ್ಮ ಮನೆಯ ಕೆಟ್ಟ ಪ್ರಿಂಟರ್ ತೋರಿಸಲು ಕರೆಯುತ್ತಾರೆ. ಯಾರು ಬೇಕಾದರೂ ಬಿಚ್ಚಿ ನೋಡಿ ತಿದ್ದಬಹುದಾದ ಒಂದು ಆಪರೇಟಿಂಗ್ ಸಿಸ್ಟಮ್ ಇದೆ. ಅದರ ಒಳತಿರುಳಿಗೆ ಕರ್ನೆಲ್ ಎನ್ನುತ್ತಾರೆ. ಮೇಲೆ ಓಡುವ ಪ್ರೋಗ್ರಾಮ್ ಕೆಟ್ಟರೆ ಮುಚ್ಚಿ ಮತ್ತೆ ತೆರೆಯಬಹುದು; ಕರ್ನೆಲ್ ಕೆಟ್ಟರೆ ಇಡೀ ಯಂತ್ರ ಇದ್ದಲ್ಲೇ ಕಲ್ಲಾಗುತ್ತದೆ. ಹಾಗೆ ಕಲ್ಲಾಗುವುದು ಯಾಕೆ ಎಂದು ಹುಡುಕುವವರು ಪ್ರಪಂಚದಲ್ಲಿ ಅಲ್ಲಲ್ಲಿ ಇದ್ದಾರೆ. ಕರಾವಳಿಯ ಉರ್ವದ ಒಂದು ಫ್ಲ್ಯಾಟಿನಲ್ಲಿ ನಾನಿದ್ದೇನೆ.

ನಮ್ಮ ಮೇಲಿನ ಮನೆಯಲ್ಲಿ ಆಂಟಿ ಇದ್ದಾರೆ. ಗಣಿತದ ಟೀಚರ್ ಆಗಿ ನಿವೃತ್ತರಾದವರು, ಕೊಂಕಣಿ ಮಾತಾಡುವ ಕ್ರಿಶ್ಚಿಯನ್ನರು. ನನ್ನದು ತುಳು. ಹಾಗಾಗಿ ನಮ್ಮಿಬ್ಬರ ಮಾತು ಕನ್ನಡದಲ್ಲಿ, ಸಿಟ್ಟು ಬಂದಾಗ ಮಾತ್ರ ಅವರವರ ಭಾಷೆಯಲ್ಲಿ. ಅವರ ಅಳಿಯ ಗುಜರಿಗೆ ಹಾಕಲು ಹೊರಟಿದ್ದ ಹಳೆಯ ಲ್ಯಾಪ್‌ಟಾಪನ್ನು ಬಾಗಿಲಲ್ಲೇ ತಡೆದು ಈ ಸಿಸ್ಟಮ್ ಹಾಕಿಕೊಟ್ಟವಳು ನಾನು. ಇನ್ನು ಚಿಂತೆ ಬಿಡಿ ಎಂದು ಎದೆ ತಟ್ಟಿಕೊಂಡವಳೂ ನಾನೇ.

ಆಂಟಿಗೆ ಆ ಲ್ಯಾಪ್‌ಟಾಪ್ ಬೇಕಾಗಿದ್ದದ್ದು ಒಂದೇ ಕೆಲಸಕ್ಕೆ. ಅವರ ತಂಗಿ ಗಲ್ಫಿನಲ್ಲಿ ನರ್ಸ್. ಸಂಜೆ ಅಕ್ಕ ಇಲ್ಲಿ, ತಂಗಿ ಅಲ್ಲಿ ಮೊಣಕಾಲೂರಿ, ವಿಡಿಯೋ ಕಾಲ್‌ನಲ್ಲಿ ಒಟ್ಟಿಗೆ ತೇರ್ಸ್ ಹೇಳುತ್ತಾರೆ. ತೇರ್ಸ್ ಎಂದರೆ ಜಪಮಾಲೆಯ ಪ್ರಾರ್ಥನೆ. ಒಬ್ಬರು ಅರ್ಧ ಹೇಳಬೇಕು, ಇನ್ನೊಬ್ಬರು ಉಳಿದರ್ಧ ಹೇಳಿ ಮುಗಿಸಬೇಕು. ಕೊನೆಗೆ ಚಿಕ್ಕವರು ದೊಡ್ಡವರಲ್ಲಿ ಬೆಸಾಂವ್, ಅಂದರೆ ಆಶೀರ್ವಾದ, ಕೇಳುತ್ತಾರೆ. ಅಕ್ಕ ಪರದೆಯ ಎದುರು ಕೈ ಎತ್ತಿ ಅದನ್ನು ಕೊಟ್ಟ ಮೇಲೆಯೇ ತಂಗಿಗೆ ಊಟ.

ಆ ವರ್ಷ ತಂಗಿಯ ಗಂಟಲಲ್ಲಿ ಗಡ್ಡೆ ಕಾಣಿಸಿಕೊಂಡಿತು. ಅಲ್ಲೇ ಆಪರೇಷನ್ ಎಂದು ನಿಶ್ಚಯವಾಯಿತು. ಜೀವಕ್ಕೆ ಭಯವಿಲ್ಲ, ಸ್ವರದ ಬಗ್ಗೆ ಮಾತ್ರ ಏನೂ ಹೇಳಲಾಗದು ಎಂದರಂತೆ ಡಾಕ್ಟರು. ಸರಿಯಾಗಿ ಅದೇ ಹೊತ್ತಿಗೆ ಲ್ಯಾಪ್‌ಟಾಪ್ ತೇರ್ಸಿನ ಮಧ್ಯದಲ್ಲಿ ಹ್ಯಾಂಗ್ ಆಗಲು ಶುರುವಾಯಿತು. ತಂಗಿಯ ದನಿ ಅರ್ಧ ಶಬ್ದಕ್ಕೇ ನಿಂತುಬಿಡುತ್ತಿತ್ತು. ಆಫ್ ಮಾಡಿ ಆನ್ ಮಾಡುವಷ್ಟರಲ್ಲಿ ತಂಗಿಗೆ ರಾತ್ರಿ ಡ್ಯೂಟಿಗೆ ಹೋಗುವ ಹೊತ್ತಾಗುತ್ತಿತ್ತು, ಬೆಸಾಂವ್ ಇಲ್ಲದೆಯೇ ಹೊರಡುತ್ತಿದ್ದರು.

"ಫೋನಲ್ಲಿ ಮಾಡಿ ಆಂಟಿ" ಎಂದೆ.

"ಫೋನಲ್ಲಿ ಅವಳ ಸ್ವರ ತಗಡಿನ ಹಾಗೆ ಕೇಳ್ತದೆ. ಇದಕ್ಕೆ ದೊಡ್ಡ ಸ್ಪೀಕರ್ ಉಂಟಲ್ಲ. ಇನ್ನೆಷ್ಟು ದಿನ ಕೇಳ್ಲಿಕ್ಕೆ ಸಿಗ್ತದೋ ಏನೋ, ಸರಿಯಾಗಿಯೇ ಕೇಳ್ತೇನೆ" ಎಂದರು.

ಆ ಮೇಲೆ ನನಗೆ ಬೇರೆ ಕೆಲಸ ರುಚಿಸಲಿಲ್ಲ. ಲ್ಯಾಪ್‌ಟಾಪನ್ನು ನಮ್ಮ ಮನೆಗೆ ತಂದು ಬೆಳಗಿನಿಂದ ಓಡಿಸಿದೆ. ಹಾಲು ಕುಡಿದ ಮಗುವಿನ ಹಾಗೆ ಶಾಂತವಾಗಿತ್ತು. ಮೇಲೆ ಕೊಂಡುಹೋಗಿ ಇಟ್ಟರೆ ಆ ಸಂಜೆಯೇ ಹ್ಯಾಂಗ್. ಮೆಮೊರಿ ಪರೀಕ್ಷಿಸಿದೆ, ಫ್ಯಾನಿನ ಧೂಳು ತೆಗೆದೆ, ವೈಫೈ ಡ್ರೈವರ್ ಬದಲಿಸಿದೆ, ಹಳೆಯ ಕರ್ನೆಲ್‌ಗಳನ್ನು ಒಂದೊಂದಾಗಿ ಹಾಕಿ ನೋಡಿದೆ. ಕರ್ನೆಲ್ ಕಲ್ಲಾಗುವ ಮೊದಲು ಒಂದು ಸಾಲನ್ನಾದರೂ ದಾಖಲಿಸುತ್ತದೆ ಎಂದು ಕಾದೆ. ಅದೂ ಇಲ್ಲ. ಕರ್ನೆಲ್ ತಿದ್ದುವವರೆಲ್ಲ ಇಮೇಲಿನಲ್ಲಿ ಚರ್ಚಿಸುವ ನಮ್ಮ ಮೇಲಿಂಗ್ ಲಿಸ್ಟಿನಲ್ಲಿ ಕೇಳಿದರೆ ಒಬ್ಬ ಪುಣ್ಯಾತ್ಮ ಹೊಸ ಯಂತ್ರ ತೆಗೆದುಕೊಳ್ಳಿ ಎಂದು ಉಪದೇಶ ಕೊಟ್ಟ. ಅವನಿಗೆ ತುಳುವಿನಲ್ಲೇ ಉತ್ತರ ಕೊಟ್ಟೆ, ಬಾಯಲ್ಲಿ ಮಾತ್ರ.

"ನಿಲ್ಲುವ ಮುಂಚೆ ನೀವು ಎಂತ ಮಾಡಿದ್ದು?" ಎಂದು ಪ್ರತಿ ಸಲ ಕೇಳುತ್ತಿದ್ದೆ.

"ಎಂತದೂ ಮಾಡ್ಲಿಲ್ಲ ಮಾರಾಯ್ತಿ. ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದ್ದು."

ನಾನೇ ಒಂದು ದಿನ ಪಕ್ಕದಲ್ಲಿ ಕೂತು ನೋಡಬಹುದಿತ್ತಲ್ಲ ಎಂದು ನಿಮಗೆ ಅನ್ನಿಸಬಹುದು. ಆದರೆ ನಮ್ಮ ಕಟ್ಟಡದಲ್ಲಿ ಅದೊಂದು ಮರ್ಯಾದೆ. ಅವರ ತೇರ್ಸಿನ ಹೊತ್ತಾಯಿತು ಎಂದರೆ ನಾವು ಮಾತನ್ನು ಅರ್ಧಕ್ಕೆ ಬಿಟ್ಟು ಎದ್ದು ಬರುತ್ತೇವೆ. ನಮ್ಮ ದೀಪ ಹಚ್ಚುವ ಹೊತ್ತಿಗೆ ಅವರೂ ಹಾಗೆಯೇ ಚಪ್ಪಲಿ ಮೆಟ್ಟುತ್ತಾರೆ. ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ. ಯಂತ್ರ ಕೆಡುವ ಆ ಹೊತ್ತಿನಲ್ಲೇ ನಾನು ವಿನಯದಿಂದ ಮೆಟ್ಟಿಲು ಇಳಿದು ಹೋಗುತ್ತಿದ್ದೆ. ಆಂಟಿಯೂ ಅಷ್ಟೇ ವಿನಯದಿಂದ ಬಾಗಿಲು ಹಾಕಿಕೊಳ್ಳುತ್ತಿದ್ದರು.

ಆಪರೇಷನ್ನಿಗೆ ಒಂದು ವಾರವಿರುವಾಗ ಅವರೇ ಆ ಮರ್ಯಾದೆ ಮುರಿದರು. "ಇವತ್ತು ಹೋಗ್ಬೇಡ ಮಗಾ. ನಿಂತ್ರೆ ಕೂಡಲೇ ಎಬ್ಬಿಸ್ಲಿಕ್ಕೆ ನೀನು ಬೇಕು" ಎಂದು ಹಿಂದಿನ ಕುರ್ಚಿ ತೋರಿಸಿದರು. ಕೂತೆ. ಪರದೆಯಲ್ಲಿ ತಂಗಿ ಬಂದರು, ಅಕ್ಕನದೇ ಮೂಗು, ಅಕ್ಕನದೇ ಕೊಂಕು ನೋಟ. ಕುಶಲ ವಿಚಾರಿಸಿಯಾಯಿತು. ಆಂಟಿ ಮೊಣಕಾಲೂರಿದರು, ಕೈ ಚಾಚಿ ಲ್ಯಾಪ್‌ಟಾಪಿನ ಮುಚ್ಚಳವನ್ನು ಅರ್ಧ ತಗ್ಗಿಸಿದರು, ಶಿಲುಬೆಯ ಗುರುತು ಮಾಡಿಕೊಂಡರು.

ನನ್ನ ಕಣ್ಣು ಆ ಮುಚ್ಚಳದ ಮೇಲೆಯೇ ನೆಟ್ಟಿತು. ಪ್ರಾರ್ಥನೆ ಸಾಗಿತು. ದಿನವೂ ತಗ್ಗಿಸಿ ತಗ್ಗಿಸಿ ಹಳೆಯ ಯಂತ್ರದ ಕೀಲು ಸಡಿಲವಾಗಿತ್ತು. ಅರ್ಧಕ್ಕೆ ನಿಂತ ಮುಚ್ಚಳ ತನ್ನ ಭಾರಕ್ಕೆ ತಾನೇ ಮೆಲ್ಲ ಮೆಲ್ಲ ಇಳಿದು ಇನ್ನೇನು ಮುಚ್ಚಿಕೊಳ್ಳುವಷ್ಟಕ್ಕೆ ಬಂತು. ಅದೇ ಮೇಜಿನ ಮೇಲಿದ್ದ ಸ್ಪೀಕರಿನಲ್ಲಿ ತಂಗಿಯ ದನಿ ಏರಿದಾಗಲೆಲ್ಲ ಮುಚ್ಚಳ ಸಣ್ಣಗೆ ನಡುಗುತ್ತಿತ್ತು. ಮುಚ್ಚಿದರೆ ಮಲಗು, ತೆರೆದರೆ ಏಳು ಎಂದು ಕರ್ನೆಲ್‌ಗೆ ತಿಳಿಸಲು ಮುಚ್ಚಳದ ಅಂಚಿನಲ್ಲಿ ಒಂದು ಅಯಸ್ಕಾಂತವಿರುತ್ತದೆ. ಈ ನಡುಕಕ್ಕೆ ಅದು ಮಲಗು, ಏಳು, ಮಲಗು, ಏಳು ಎಂದು ಒಂದೇ ಉಸಿರಿನಲ್ಲಿ ಹೇಳುತ್ತಿತ್ತು. ಪೂರ್ತಿ ಮಲಗುವ ಮೊದಲೇ ಏಳಬೇಕಾಗಿ ಬಂದ ಕರ್ನೆಲ್ ಯಾವುದನ್ನೂ ಮಾಡಲಾಗದೆ ಕಲ್ಲಾಗಿಬಿಟ್ಟಿತು. ನನ್ನ ಕಣ್ಣೆದುರೇ ಆಯಿತು, ಸಂತೋಷಕ್ಕೆ ಕೂಗುವುದೊಂದು ಬಾಕಿ.

"ಮುಚ್ಚಳ ಯಾಕೆ ಮುಚ್ಚಿದ್ದು ಆಂಟಿ?"

"ಮುಚ್ಚಿದ್ದಲ್ಲ, ತಗ್ಗಿಸಿದ್ದು. ಅವಳ ಮುಖ ಕಂಡ್ರೆ ನನಗೆ ನಗೆ ಬರ್ತದೆ ಮಾರಾಯ್ತಿ. ಸಣ್ಣದಿರುವಾಗಲೂ ಹಾಗೆಯೇ. ಅಮ್ಮ ನಮ್ಮಿಬ್ಬರನ್ನು ಬೇರೆ ಬೇರೆ ಗೋಡೆಗೆ ಮುಖ ಮಾಡಿ ಕೂರಿಸ್ತಿದ್ದಳು. ದೇವರ ಎದುರು ನಗಬಾರ್ದಲ್ಲ."

ಗಣಿತದ ಟೀಚರ್. ಶಾಲೆಯಿಡೀ ಇವರಿಗೆ ಹೆದರುತ್ತಿತ್ತು ಎಂದು ಕೇಳಿದ್ದೇನೆ. ನನಗೆ ಅವರನ್ನು ತಬ್ಬಿಕೊಳ್ಳಬೇಕು ಎನ್ನಿಸಿತು. ಮುಚ್ಚಳದ ಕಡೆ ಗಮನ ಕೊಡಬೇಡ ಎಂದು ಯಂತ್ರಕ್ಕೆ ಒಂದು ಸೆಟ್ಟಿಂಗ್ ಹಾಕಿದೆ. ಆ ವಾರ ತೇರ್ಸ್ ಒಮ್ಮೆಯೂ ನಿಲ್ಲಲಿಲ್ಲ. ಆಪರೇಷನ್ನಿನ ಹಿಂದಿನ ಸಂಜೆ ಆಂಟಿ ಮುಚ್ಚಳ ಎತ್ತಿ, ಕೈ ಎತ್ತಿ, ಬಹಳ ಹೊತ್ತು ಬೆಸಾಂವ್ ಕೊಟ್ಟರು.

ಸೆಟ್ಟಿಂಗ್ ಹಾಕಿದ್ದು ಮುಲಾಮು ಹಚ್ಚಿದ ಹಾಗೆ, ಅಷ್ಟೆ. ರೋಗ ಕರ್ನೆಲ್‌ನಲ್ಲೇ ಇತ್ತು. ಮಲಗುವುದು ಮುಗಿಯದೆ ಏಳುವ ಅಪ್ಪಣೆಯನ್ನು ಕೈಗೆತ್ತಿಕೊಳ್ಳದಂತೆ ತಿದ್ದಿ ಲಿಸ್ಟಿಗೆ ಕಳಿಸಿದೆ. ಮುಚ್ಚಳವನ್ನು ಯಾರಾದರೂ ಅರ್ಧಕ್ಕೆ ಬಿಡುತ್ತಾರೆಯೇ ಎಂದು ಲಿಸ್ಟಿನಲ್ಲಿ ಪ್ರಶ್ನೆ ಬಂತು. ಪ್ರಾರ್ಥನೆಯಲ್ಲಿ ತಂಗಿಯ ಮುಖ ಕಂಡರೆ ನಗು ಬರುವವರು ಬಿಡುತ್ತಾರೆ ಎಂದು ಇದ್ದದ್ದನ್ನೇ ಬರೆದೆ. ದೂರದ ದೇಶದ ಒಬ್ಬಾತ ತನ್ನ ಮುಚ್ಚಳವನ್ನು ಹಾಗೆಯೇ ಅಲ್ಲಾಡಿಸಿ ನೋಡಿದನಂತೆ. ಅವನದೂ ಕಲ್ಲಾಯಿತು. ನನ್ನ ತಿದ್ದುಪಡಿ ಕರ್ನೆಲ್‌ನೊಳಗೆ ಸೇರಿತು.

ಅಷ್ಟರಲ್ಲಿ ಅಲ್ಲಿ ತಂಗಿ ಗುಣವಾಗಿದ್ದರು. ಸ್ವರ ಮಾತ್ರ ಹೋಗಿತ್ತು.

ಈಗ ತೇರ್ಸಿನ ಹೊತ್ತಿಗೆ ನಾನು ಎದ್ದು ಬರುವುದಿಲ್ಲ, ಹಿಂದಿನ ಕುರ್ಚಿಯಲ್ಲಿ ಕೂರುತ್ತೇನೆ. ಎರಡೂ ಅರ್ಧಗಳನ್ನು ಆಂಟಿಯೇ ಹೇಳುತ್ತಾರೆ, ಪರದೆಯಲ್ಲಿ ತಂಗಿಯ ತುಟಿ ಮಾತ್ರ ಆಡುತ್ತದೆ. ನಡುವೆ ಎಲ್ಲೋ ತಂಗಿಯ ಭುಜ ಕುಲುಕುತ್ತದೆ. ಆಂಟಿಗೂ ನಗು ತಡೆಯುವುದಿಲ್ಲ, ಪ್ರಾರ್ಥನೆ ತಪ್ಪುತ್ತದೆ, ಮತ್ತೆ ಮೊದಲಿಂದ ಹಿಡಿಯುತ್ತಾರೆ.

ಒಂದು ಸಂಜೆ ತಮಾಷೆಗೆಂದೇ ಹೇಳಿದೆ, "ಇಷ್ಟು ಕಷ್ಟಪಟ್ಟು ಸರಿ ಮಾಡಿದ್ದೇನೆ ಆಂಟಿ. ಈಗ ಮುಚ್ಚಳ ಎಷ್ಟು ತಗ್ಗಿಸಿದ್ರೂ ಏನೂ ಆಗುದಿಲ್ಲ. ಒಮ್ಮೆಯಾದ್ರೂ ತಗ್ಗಿಸಿ ನೋಡಿ."

ಅವರು ಜಪಮಾಲೆಯನ್ನು ಡಬ್ಬಿಗೆ ಹಾಕುತ್ತಿದ್ದರು. "ತಗ್ಗಿಸಿದ್ರೆ ಅವಳು ಅಲ್ಲಿ ಇದ್ದಾಳೆ ಅಂತ ನನಗೆ ಗೊತ್ತಾಗುದು ಹೇಗೆ ಮಗಾ?" ಎಂದರು.