ಚೋಯ್ಜಿಲನ ಕೈಗುಣ

ಚೋಯ್ಜಿಲನಿಗೆ ಆಗ ಅರವತ್ತೆರಡು. ಜಾವ್‌ಖಾನ್ ಸೀಮೆಯ ಅವನ ಹೋಬಳಿಯಲ್ಲಿ ಯಾರ ಗಾಡಿ ಕೆಮ್ಮಿದರೂ, ಮುನಿಸಿಕೊಂಡು ದಾರಿಯಲ್ಲಿ ನಿಂತರೂ, ಜನರ ಬಾಯಿಗೆ ಮೊದಲು ಬರುತ್ತಿದ್ದದ್ದು ಅವನ ಹೆಸರೇ. ಸಹಕಾರಿ ಸಂಘವಿದ್ದ ಕಾಲದಲ್ಲಿ ಅವನು ಅದರ ಚಾಲಕ. ಸಂಘ ಮುಚ್ಚಿ ಆಸ್ತಿ ಪಾಲಾದಾಗ ಉಳಿದವರು ಕುರಿ, ಚಮರಿ ಹಸು ಹೊಡೆದುಕೊಂಡು ಹೋದರು. ಇವನು ತಾನು ಓಡಿಸುತ್ತಿದ್ದ ರಷ್ಯದ ಹಳೆಯ ಜೀಪನ್ನೇ ಪಾಲಿಗೆ ಕೇಳಿ ಪಡೆದ. ನಾಲ್ಕೂ ಚಕ್ರಕ್ಕೆ ಎಳೆತವಿದ್ದ ಆ ಗಾಡಿಯನ್ನು ಎಲ್ಲರೂ ‘ಅರವತ್ತೊಂಬತ್ತು’ ಎಂದೇ ಕರೆಯುತ್ತಿದ್ದರು.

ಅವನಿಗೆ ಹೆಸರು ತಂದದ್ದು ಕಾರ್ಬ್ಯುರೇಟರು. ಗಾಳಿಯನ್ನೂ ಪೆಟ್ರೋಲನ್ನೂ ಹದವಾಗಿ ಬೆರೆಸಿ ಎಂಜಿನ್ನಿಗೆ ಉಣಿಸುವ ಆ ಸಾಮಾನನ್ನು ಅವನು ಸಂಜೆ ಬಿಚ್ಚಿ, ತೊಳೆದು, ಜೋಡಿಸಿ, “ಇವತ್ತು ಮಲಗ್ಲಿ ಬಿಡಿ, ನಾಳೆ ತಾನೇ ಏಳುತ್ತೆ” ಎನ್ನುತ್ತಿದ್ದ. ಬೆಳಗ್ಗೆ ಗಾಡಿ ಒಂದೇ ಏಟಿಗೆ ಏಳುತ್ತಿತ್ತು. ಸಂಜೆಯೇ ಬೇಕೆಂದು ಹಟ ಹಿಡಿದು ಒಯ್ದವರ ಗಾಡಿ ಮಾತ್ರ ಎರಡು ಗುಡ್ಡ ದಾಟುವುದರೊಳಗೆ ನಿಲ್ಲುತ್ತಿತ್ತು. ಅವಸರಕ್ಕೆ ಬಿದ್ದರೆ ಹೀಗೇ ಎಂದು ಜನ ಅವರನ್ನೇ ಬೈಯುತ್ತಿದ್ದರು. ಚೋಯ್ಜಿಲನ ಕೈಗುಣದ ಮೇಲೆ ಯಾರೂ ಅನುಮಾನ ತೋರಿಸಿರಲಿಲ್ಲ. ಅವನಿಗಂತೂ ಇರಲೇ ಇಲ್ಲ.

ಆ ಅಕ್ಟೋಬರಿನಲ್ಲಿ ಜಿಲ್ಲಾ ಕೇಂದ್ರದಿಂದ ಕರೆ ಬಂತು. ಮೂವತ್ತು ವರ್ಷ ಗಾಡಿ ಓಡಿಸಿದ ಚಾಲಕರಿಗೆ ಪದಕ ಕೊಡುತ್ತಾರಂತೆ, ನಾಳೆಯೇ ಬರಬೇಕಂತೆ. ಚೋಯ್ಜಿಲ ಮುಂಜಾನೆ ಎದ್ದವನೇ ಕಾರ್ಬ್ಯುರೇಟರ್ ಬಿಚ್ಚಿ ಶುಚಿ ಮಾಡಿ ಕೂರಿಸಿದ. ಕಂದು ರೇಷ್ಮೆಯ ನಿಲುವಂಗಿ ತೊಟ್ಟು, ಹೆಂಡತಿ ಯಾಂಜ್ಮಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟ.

ಅರ್ಧ ದಾರಿಯಲ್ಲಿ, ಕಣಿವೆಯೊಂದರ ಬಾಯಲ್ಲಿ, ಗಾಡಿ ಕಪ್ಪು ಹೊಗೆ ಕಾರಿ ನಿಂತಿತು. ಕಣ್ಣಳತೆಯಲ್ಲಿ ಒಂದು ಗುಡಾರವಿಲ್ಲ, ಒಂದು ಕುದುರೆಯಿಲ್ಲ.

“ಪೆಟ್ರೋಲ್ ಎಳೀತಿಲ್ಲ,” ಎಂದ ಚೋಯ್ಜಿಲ. “ನೀನು ಈ ಕಡೆ ಬಂದು ಸ್ಟಾರ್ಟರ್ ಒತ್ತು. ನಾನು ಮೇಲಿಂದ ಒಂದು ಗುಟುಕು ಕುಡಿಸ್ತೀನಿ.”

“ಅದಕ್ಕೆ ಹಸಿವಾಗಿಲ್ಲ ಮುದುಕಾ,” ಎಂದಳು ಯಾಂಜ್ಮಾ. “ಹೊಗೆ ನೋಡು. ಅಜೀರ್ಣ ಆಗಿರೋದು.”

“ಚಹಾ ಕಾಸೋಳಿಗೆ ಎಂಜಿನ್ ಹೊಟ್ಟೆ ಗೊತ್ತಾಗುತ್ತಾ? ಒತ್ತು ಅಂದ್ರೆ ಒತ್ತು.”

ಅವಳು ಒತ್ತಿದಳು. ಅವನು ಬಾಗಿ, ಬಾಟಲಿಯಿಂದ ಕಾರ್ಬ್ಯುರೇಟರಿನ ಬಾಯಿಗೆ ಪೆಟ್ರೋಲು ಸುರಿದ. ಎಂಜಿನ್ ಒಮ್ಮೆ ಸೀನಿತು. ಅಷ್ಟೇ ಅವನಿಗೆ ನೆನಪಿದ್ದದ್ದು. ಹಳದಿಯಾದದ್ದೇನೋ ಮುಖಕ್ಕೆ ಅಪ್ಪಳಿಸಿತು; ಮರುಕ್ಷಣ ಅವನು ನೆಲದ ಮೇಲೆ ಅಂಗಾತ ಬಿದ್ದಿದ್ದ. ಸುಟ್ಟ ಕೂದಲಿನ ವಾಸನೆ. ಯಾರೋ ಕೂಗುತ್ತಿದ್ದರು. ಅದು ತನ್ನದೇ ದನಿ ಎಂದು ತಿಳಿಯಲು ಹೊತ್ತು ಹಿಡಿಯಿತು.

ಯಾಂಜ್ಮಾ ಮೊದಲು ತನ್ನ ನಿಲುವಂಗಿಯ ತೋಳಿನಿಂದ ಅವನ ಮುಖದ ಬೆಂಕಿ ಒತ್ತಿ ಆರಿಸಿದಳು. ಆಮೇಲೆ ಎಂಜಿನ್ನಿಗೆ ಹೊದಿಸುವ ದಪ್ಪ ಕಂಬಳಿ ಹಾಕಿ ಗಾಡಿಯ ಬೆಂಕಿಯನ್ನು. ರೇಡಿಯೇಟರಿಗೆಂದು ತಂದಿದ್ದ ತಣ್ಣೀರನ್ನು ಡಬ್ಬಿಯಿಂದ ಅವನ ಮುಖದ ಮೇಲೆ ನಿಧಾನವಾಗಿ ಹೊಯ್ದಳು. ಅವನ ರೆಪ್ಪೆಗಳು ಬಾತು ಮುಚ್ಚಿಕೊಂಡಿದ್ದವು. ತಲೆವಸ್ತ್ರವನ್ನು ಒದ್ದೆ ಮಾಡಿ ಕಣ್ಣಿಗೆ ಕಟ್ಟಿ, ಅವನನ್ನು ಚಕ್ರಕ್ಕೆ ಒರಗಿಸಿ ಕೂರಿಸಿದಳು.

“ಕಾಣಿಸ್ತಿಲ್ಲ,” ಎಂದ ಚೋಯ್ಜಿಲ. “ಯಾಂಜ್ಮಾ, ನಂಗೆ ಏನೂ ಕಾಣಿಸ್ತಿಲ್ಲ.”

“ಗೊತ್ತು. ಕಟ್ಟಿದೀನಲ್ಲ. ಕೈ ಹಚ್ಚಬೇಡ.”

ಅವಳು ದಾರಿಗೆ ಹೋಗಿ ಯಾರನ್ನಾದರೂ ಕರೆಯುತ್ತಾಳೆ ಎಂದುಕೊಂಡ. ಆದರೆ ಕೇಳಿಸಿದ್ದು ಸಾಮಾನಿನ ಡಬ್ಬ ತೆರೆದ ಸದ್ದು. ಪಾನಾ ನಟ್ಟಿಗೆ ಕಚ್ಚಿದ ಸದ್ದು. ಒಂದು, ಎರಡು, ಮೂರು ನಟ್ಟು, ಎಲ್ಲೂ ತಡವರಿಕೆಯಿಲ್ಲ. ಮುಚ್ಚಳ ಎದ್ದ ಸದ್ದು.

“ಏನ್ ಮಾಡ್ತಿದೀಯಾ? ಮುಟ್ಟಬೇಡ ಅದನ್ನ. ಸಣ್ಣ ಸಣ್ಣ ಸಾಮಾನು, ಹುಲ್ಲಲ್ಲಿ ಕಳೆದುಹೋಗುತ್ತೆ.”

ಅವನ ಕಿವಿಯ ಬಳಿ ಏನನ್ನೋ ಅಲುಗಿಸಿದಳು. ಒಳಗೆ ಹನಿಯಾಡುವ ಸದ್ದು. ಅದು ಫ್ಲೋಟ್. ಕಾರ್ಬ್ಯುರೇಟರಿನ ಬಟ್ಟಲಲ್ಲಿ ತೇಲುತ್ತ, ಪೆಟ್ರೋಲು ತುಂಬಿದೊಡನೆ ಮೇಲೆದ್ದು ದಾರಿ ಮುಚ್ಚುವ ಹಿತ್ತಾಳೆಯ ಟೊಳ್ಳು ಬುರುಡೆ. ಅದರೊಳಗೇ ಪೆಟ್ರೋಲು ಸೇರಿದ್ದರೆ ಅದು ತೇಲುವುದೆಲ್ಲಿಂದ ಬಂತು? ಮುಳುಗಿ, ದಾರಿ ತೆರೆದುಬಿಟ್ಟು, ಎಂಜಿನ್ನನ್ನು ಪೆಟ್ರೋಲಿನಲ್ಲಿ ತೋಯಿಸಿತ್ತು. ಅದರ ಮೇಲೆ ಇವನು ಇನ್ನೂ ಸುರಿದಿದ್ದ.

ಫ್ಲೋಟನ್ನು ಹಾಗೆ ಅಲುಗಿಸಿ ನೋಡಬೇಕೆಂದು ಅವನು ಯಾರಿಗೂ ಹೇಳಿಕೊಟ್ಟಿರಲಿಲ್ಲ. ನಿಜ ಹೇಳಬೇಕೆಂದರೆ, ಅವನೇ ಎಂದೂ ಹಾಗೆ ನೋಡಿದವನಲ್ಲ.

ಯಾಂಜ್ಮಾ ಫ್ಲಾಸ್ಕಿನ ಬಿಸಿ ಚಹಾವನ್ನು ಬಟ್ಟಲಿಗೆ ಬಗ್ಗಿಸಿ ಬುರುಡೆಯನ್ನು ಅದರಲ್ಲಿ ಅದ್ದಿದಳು. ಒಳಗಿನ ಪೆಟ್ರೋಲು ಕಾವಿಗೆ ಗುಳ್ಳೆಯಾಗಿ ಸಣ್ಣ ತೂತಿನಿಂದ ಹೊರಬಂತು. ಉಪ್ಪು ಚಹಾದ ಜೊತೆ ಪೆಟ್ರೋಲಿನ ನಾತ. ಗುಳ್ಳೆ ನಿಂತ ಮೇಲೆ ಬುರುಡೆ ಒರೆಸಿ, ಚೀಲದಲ್ಲಿದ್ದ ಬಟ್ಟೆ ಸೋಪನ್ನು ತೂತಿಗೆ ಗಟ್ಟಿಯಾಗಿ ತಿಕ್ಕಿದಳು. ತೋಯ್ದಿದ್ದ ಸ್ಪಾರ್ಕ್ ಪ್ಲಗ್ಗುಗಳನ್ನು ಕಳಚಿ ಒಣಗಿಸಿದಳು. ಮತ್ತೆ ಜೋಡಿಸುವಾಗ ಮಾತ್ರ ಒಮ್ಮೆ ಗೊಣಗಿದಳು.

“ಯಾವಾಗ್ಲೂ ಹೀಗೇ. ಬುರುಡೆ ಎತ್ತರ ಹಿಡಿಯೋ ಈ ತಗಡಿನ ನಾಲಿಗೇನ ಜಾಸ್ತಿ ಬಗ್ಗಿಸ್ತೀಯಾ.”

“ಯಾವಾಗ್ಲೂ ಅಂದ್ರೆ?”

ಅವಳ ಕೈ ನಿಂತಿತು.

“ಯಾಂಜ್ಮಾ, ಯಾವಾಗ್ಲೂ ಅಂದ್ರೆ ಏನು?”

“ಏನಿಲ್ಲ. ಹಾಲು ಕರೆಯೋಕೆ ಮುಂಚೆ ಅರ್ಧ ಗಂಟೆ ಕೆಲಸ. ಇವತ್ತು ನೀನೇ ಮುಂಚೆ ಎದ್ದುಬಿಟ್ಟೆ, ನಂಗೆ ಕೈ ಹಾಕೋಕೆ ಆಗ್ಲಿಲ್ಲ. ಏಳು, ಗಾಡಿ ಹತ್ತು.”

ಎಂಜಿನ್ ಎರಡನೇ ಏಟಿಗೆ ಹಿಡಿಯಿತು. ಅವಳು ಗೇರು ಹಾಕಿದಳು. ಹಲ್ಲಿಗೆ ಹಲ್ಲು ಸಿಗದೆ ಕಿರುಗುಟ್ಟುವ ಆ ಹಳೆಯ ಗೇರು ಬೆಣ್ಣೆಯ ಹಾಗೆ ಬಿತ್ತು. ಹೊಳೆ ಸಿಕ್ಕಾಗ ಮುಂದಿನ ಚಕ್ರಗಳಿಗೂ ಎಳೆತ ಕೊಟ್ಟು ದಾಟಿದಳು. ಪಕ್ಕದಲ್ಲಿ ಕುರುಡನಂತೆ ಕೂತ ಚೋಯ್ಜಿಲನ ತಲೆಯನ್ನು ನೋವಿಗಿಂತ ಹೆಚ್ಚಾಗಿ ಇದೇ ತಿನ್ನುತ್ತಿತ್ತು.

“ಓಡಿಸೋದು ಯಾವಾಗ ಕಲಿತೆ?”

“ಸರಿ ಮಾಡಿದ್ಮೇಲೆ ಓಡಿಸಿ ನೋಡ್ದೆ ಸರಿಯಾಯ್ತು ಅಂತ ಹೇಗೆ ಗೊತ್ತಾಗುತ್ತೆ?”

“ನಂಗೆ ಎಚ್ಚರ ಆಗ್ತಿರ್ಲಿಲ್ವಾ?”

“ನಿನ್ನ ಗೊರಕೆ ಮುಂದೆ ಈ ಎಂಜಿನ್ ಯಾವ ಲೆಕ್ಕ.”

ಆಸ್ಪತ್ರೆಯಲ್ಲಿ ಹದಿನೆಂಟು ದಿನ. ಬಲಗಣ್ಣು ಉಳಿಯಿತು, ಎಡಗಣ್ಣಿಗೆ ಬೆಳಕು ಕತ್ತಲೆಯಷ್ಟೇ ತಿಳಿಯುವಂತಾಯಿತು. ಪದಕವನ್ನು ಯಾರೋ ತಂದು ದಿಂಬಿನ ಬಳಿ ಇಟ್ಟು ಹೋದರು. ಪಟ್ಟಿ ಕಟ್ಟಿದ ಕಣ್ಣೊಳಗೆ ಅವನು ಹಳೆಯ ವರ್ಷಗಳನ್ನೆಲ್ಲ ತಿರುವಿ ಹಾಕಿದ. ಮಲಗಿ ಎದ್ದ ಕಾರ್ಬ್ಯುರೇಟರುಗಳೆಲ್ಲ ಅವಳವು. ದಾರಿಯಲ್ಲಿ ನಿಂತವೆಲ್ಲ ತನ್ನವು.

ಹದಿನಾರನೆಯ ದಿನ ಬಾಯಿ ಬಿಟ್ಟು ಕೇಳಿದ. “ನಿಂಗೆ ಹೇಳಿಕೊಟ್ಟಿದ್ದು ಯಾರು?”

“ಮದುವೆಗೆ ಮುಂಚೆ ನಾನು ಸಂಘದಲ್ಲಿ ಕೆನೆ ತೆಗೆಯೋ ಯಂತ್ರ ನೋಡ್ಕೊಳ್ತಿದ್ನಲ್ಲ. ಅದ್ರಲ್ಲೂ ಒಂದು ಬುರುಡೆ ಇರುತ್ತೆ, ತುಂಬಿದ್ರೆ ಎದ್ದು ಹಾಲು ನಿಲ್ಲಿಸುತ್ತೆ. ಮಿಕ್ಕಿದ್ದು ನಿಂಗೆ ಪಾನಾ ಎತ್ತಿಕೊಡ್ತಾ ನೋಡಿದ್ದು.”

“ಒಂದು ಮಾತು ಹೇಳಬಾರದಾಗಿತ್ತಾ?”

“ಜೋಡಿಸಿ ಮುಗಿಸಿ ಒಳಗೆ ಬರೋವಾಗ ನಿನ್ನ ಮುಖ ಹೇಗೆ ಅರಳಿರ್ತಿತ್ತು ಗೊತ್ತಾ?” ಎಂದಳು ಯಾಂಜ್ಮಾ.

ಆಮೇಲೆ ಅವನು ಅಳುಕುತ್ತ ಇನ್ನೊಂದು ಕೇಳಿದ. ಹತ್ತು ವರ್ಷದ ಹಿಂದೆ, ಹಿಮ ಬಿರುಗಾಳಿಯಲ್ಲಿ ಅವನು ದಾದಿಯನ್ನು ಹೆರಿಗೆಗೆ ಕರೆದೊಯ್ದಿದ್ದ. ತಾಯಿ ಮಗು ಇಬ್ಬರೂ ಉಳಿದಿದ್ದರು. ಹೊರಡುವ ಹಿಂದಿನ ದಿನವಷ್ಟೇ ಕಾರ್ಬ್ಯುರೇಟರ್ ಬಿಚ್ಚಿದ್ದ.

“ಅದು ನಿಂದೇ,” ಎಂದಳು ಅವಳು. “ಅದನ್ನ ನಾನು ಮುಟ್ಟಿಲ್ಲ.”

ನಿಜವೋ ಸುಳ್ಳೋ ತಿಳಿಯಲಿಲ್ಲ. ಅವಳು ಸುಳ್ಳು ಹೇಳಿದರೆ ದನಿ ಹೇಗಿರುತ್ತದೆ ಎಂಬುದು ಮೂವತ್ತೈದು ವರ್ಷ ಜೊತೆಗೆ ಬಾಳಿದವನಿಗೆ ಗೊತ್ತಿರಲಿಲ್ಲ.

ವಸಂತದಲ್ಲಿ ಹೊಳೆಯಾಚೆಯ ಗುಡಾರದ ದಾಶ್ನ್ಯಾಮ್ ತನ್ನ ಜೀಪಿನ ಕಾರ್ಬ್ಯುರೇಟರನ್ನು ಬಟ್ಟೆಯಲ್ಲಿ ಸುತ್ತಿ ತಂದ. ಚೋಯ್ಜಿಲ ಎದೆ ಗಟ್ಟಿಮಾಡಿಕೊಂಡು, “ನೋಡು ತಮ್ಮಾ, ನಿಂಗೊಂದು ವಿಷಯ ಹೇಳಬೇಕು. ಇಷ್ಟು ವರ್ಷ ಇದನ್ನೆಲ್ಲ ಸರಿ ಮಾಡ್ತಿದ್ದದ್ದು ನಾನಲ್ಲ, ನಿಮ್ಮಕ್ಕ,” ಎಂದ.

ದಾಶ್ನ್ಯಾಮ್ ಟೋಪಿ ತೆಗೆದು ತಲೆ ಕೆರೆದುಕೊಂಡ. “ಅಣ್ಣಾ, ತಪ್ಪು ತಿಳ್ಕೋಬೇಡ. ಬೆಳಗಿನ ಜಾವ ಅಕ್ಕ ಹೊಳೆ ತನಕ ಗಾಡಿ ಓಡಿಸೋದು ನಮ್ಮ ಗುಡಾರದ ಬಾಗಿಲಿಗೇ ಕಾಣುತ್ತೆ. ಇಡೀ ಕಣಿವೆಗೆ ಗೊತ್ತು. ನಿಂಗೆ ಗೊತ್ತಿಲ್ಲ ಅನ್ನೋದು ನಮಗೆ ಗೊತ್ತಿರ್ಲಿಲ್ಲ.”

ಚೋಯ್ಜಿಲ ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟ. ಅಲ್ಲಿ ಕೂರಬಾರದೆಂಬುದೂ ಅವನಿಗೆ ನೆನಪಾಗಲಿಲ್ಲ.

ಯಾಂಜ್ಮಾ ಹೊರಗೆ ಬಂದು ಗಂಟು ಬಿಚ್ಚಿದಳು. ಮೂಗು ಬಾಯಿಯನ್ನು ತಲೆವಸ್ತ್ರದಿಂದ ಬಿಗಿಯಾಗಿ ಕಟ್ಟಿಕೊಂಡು ಕೆಲಸಕ್ಕೆ ಕೂತಳು. ಅವಳು ಈ ಕೆಲಸ ಮಾಡುವುದನ್ನು ಚೋಯ್ಜಿಲ ಕಣ್ಣಾರೆ ನೋಡಿದ್ದು ಅದೇ ಮೊದಲು. ಪೆಟ್ರೋಲು ಹಾಯುವ ಸೂಜಿತೂತಿನ ಜೆಟ್ಟುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಅವಳಷ್ಟು ತಾಳ್ಮೆ ತನಗೆ ಎಂದೂ ಇರಲಿಲ್ಲ ಎಂದು ಅವನಿಗೆ ಅನ್ನಿಸಿತು.

“ನಿಂಗೆ ಇದು ಇಷ್ಟಾನಾ?” ಎಂದು ಕೇಳಿದ.

“ಇದಾ?” ಅವಳು ತಲೆ ಎತ್ತಿದಳು. “ಪೆಟ್ರೋಲ್ ವಾಸನೆ ಅಂದ್ರೆ ನಂಗೆ ಹೊಟ್ಟೆ ತೊಳಸುತ್ತೆ. ಮೊದಲಿಂದಾನೂ. ಎಷ್ಟೋ ಸಲ ವಾಂತಿ ಮಾಡ್ಕೊಂಡೇ ಹಾಲು ಕರೆಯೋಕೆ ಹೋಗಿದೀನಿ. ಆ ಸಣ್ಣ ಪಾನಾ ಎಲ್ಲಿಟ್ಟಿದೀಯಾ?”

ಅದು ಅವನ ಕೈಯಲ್ಲೇ ಇತ್ತು. ಕೊಡಬೇಕೆಂದು ಹೊಳೆಯಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು.