ತಪಸ್ಸುಕಾಲದ ರೊಟ್ಟಿ

ಈ ಬೆಳಿಗ್ಗೆ ಸೊಸೆಗೆಂದು ರಾಗಿ ರೊಟ್ಟಿ ತಟ್ಟಿ ಕೆಂಡದ ಮೇಲೆ ಹಾಕಿದೆ. ಒಂದು ಅಂಚು ಸೀದುಹೋಯಿತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಎಷ್ಟೋ ವರ್ಷ ಹಿಂದಕ್ಕೆ ಹೋಗಿಬಿಟ್ಟೆ. ಒಳಗೆ ನಾಲ್ಕು ದಿನದ ಮೊಮ್ಮಗಳು ಅಳುತ್ತಿದ್ದಳು. ಏನು ಗಂಟಲು ಅಂತೀರಿ! ಇಡೀ ಕೇರಿಗೆ ಕೇಳಿಸುತ್ತದೆ. ಕೇಳಿಸಲಿ! ಅಕ್ಷರ ಕೂಡಿಸಿ ಕೂಡಿಸಿ ಬರೆಯುವವಳು ನಾನು. ಆದರೂ ಈ ಸಂತೋಷದಲ್ಲಿ ಪಕ್ಕದ ಮನೆ ದೊಡ್ಡಮ್ಮನ ವಿಷಯ ಬರೆಯದಿದ್ದರೆ ನನ್ನ ಎದೆ ಒಡೆದುಹೋದೀತು.

ಅವರು ನನಗೆ ನೆಂಟರಲ್ಲ. ಚರ್ಚಿನ ಹಿಂದಿನ ನಮ್ಮ ಕೇರಿಯಲ್ಲಿ ಎಲ್ಲರೂ ಹಾಗೇ ಕರೆಯುತ್ತಿದ್ದೆವು. ಗಂಡ ತೀರಿದ ಮೇಲೆ ದೊರೆಗಳ ಬಂಗಲೆಯಲ್ಲಿ ಆಯಾ ಆಗಿದ್ದರು, ಓದು ಕಲಿತದ್ದೂ ಅಲ್ಲೇ. ಬೇರೆ ಪಂಗಡದ ಕ್ರೈಸ್ತ ಸಭೆಯವರು ಬೀದಿಯಲ್ಲಿ ಮಾರುತ್ತಿದ್ದ ಕನ್ನಡದ ಬೈಬಲ್ಲನ್ನು, ನಾವೆನ್ನುವ ವೇದಪುಸ್ತಕವನ್ನು, ಕೊಂಡು ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ಇಟ್ಟುಕೊಂಡಿದ್ದರು. ಅದು ಕಣ್ಣಿಗೆ ಬಿದ್ದರೆ ನಮ್ಮ ಚರ್ಚಿನ ಉಪದೇಶಿ, ಅದು ನಾವು ಮುಟ್ಟಬಾರದ ಪುಸ್ತಕವೆಂದು ಉರಿದುಬೀಳುತ್ತಿದ್ದರು. ದೊಡ್ಡಮ್ಮ ಬೇಕೆಂದೇ ಜಗುಲಿಯ ಮೇಲೆ ಕೂತು ಓದುತ್ತಿದ್ದರು.

ನನಗಾಗ ಹತ್ತೊಂಬತ್ತು ವರ್ಷ. ಚೊಚ್ಚಲ ಮಗನಿಗೆ ಮೂರು ತಿಂಗಳು. ಜಟಕಾ ಹೊಡೆಯುತ್ತಿದ್ದ ಗಂಡ ಜ್ವರ ಬಂದು ಮಲಗಿ ತಿಂಗಳಾಗಿತ್ತು. ನಾನು ನಾಲ್ಕು ಮನೆಗೆ ರಾಗಿ ಬೀಸಿಕೊಡುತ್ತಿದ್ದೆ. ಅಷ್ಟರಲ್ಲಿ ತಪಸ್ಸುಕಾಲ ಬಂತು, ಈಸ್ಟರಿಗೆ ಮುಂಚಿನ ನಲವತ್ತು ದಿನ. ಗಂಡ ಎದ್ದು ಕೂತರೆ ಸಾಕೆಂದು ಹರಕೆ ಹೊತ್ತೆ: ಅಷ್ಟೂ ದಿನ ಹೊತ್ತು ಮುಳುಗಿದ ಮೇಲೆ ಒಂದೇ ಊಟ. ಹಾಲೂಡಿಸುವವರಿಗೆ ಉಪವಾಸವಿಲ್ಲವೆಂದು ನನಗೂ ಗೊತ್ತಿತ್ತು. ಕೇಳಿದ್ದಕ್ಕಿಂತ ಹೆಚ್ಚು ಕೊಟ್ಟರೆ ದೇವರು ಬೇಗ ಕಿವಿಗೊಡುತ್ತಾನೆ ಎನ್ನುವ ಬುದ್ಧಿ ನನ್ನದು...

ಎರಡನೆಯ ವಾರಕ್ಕೆ ಹಾಲು ಬತ್ತಿತು. ಮಗುವಿಗೆ ಅಳಲೂ ತ್ರಾಣವಿಲ್ಲ. ಬೆಕ್ಕಿನ ಮರಿಯ ಹಾಗೆ ಬಾಯಿ ತೆರೆಯುತ್ತಿತ್ತು, ಸದ್ದು ಬರುತ್ತಿರಲಿಲ್ಲ. ಒಂದು ಮಧ್ಯಾಹ್ನ ಬೀಸುವ ಕಲ್ಲಿನ ಗೂಟ ಹಿಡಿದವಳು ಅದರ ಮೇಲೇ ತಲೆಯಿಟ್ಟುಬಿಟ್ಟೆ. ಜಪ ಮಾಡೋಣವೆಂದರೆ ಒಂದು ಮಾತೂ ನೆನಪಿಗೆ ಬಾರದು.

ದೊಡ್ಡಮ್ಮ ಬಂದು ನೋಡಿದರು. ಬಯ್ಯಲಿಲ್ಲ. ಒಲೆ ಹೊತ್ತಿಸಿ, ಕೆಂಡದ ಮೇಲೆ ರಾಗಿ ರೊಟ್ಟಿ ಹಾಕಿ, ಪುಸ್ತಕ ಬಿಚ್ಚಿ ನನ್ನೆದುರು ಕೂತು ಓದಿದರು. ಒಬ್ಬ ಪ್ರವಾದಿಯ ಕತೆ. ಓಡಿ ಓಡಿ ದಣಿದು, ನನ್ನ ಪ್ರಾಣ ತೆಗೆದುಬಿಡು ಎಂದು ದೇವರನ್ನು ಬೇಡಿ ಒಂದು ಗಿಡದ ಕೆಳಗೆ ಮಲಗಿಬಿಟ್ಟನಂತೆ. ದೇವದೂತ ಬಂದು ಎಬ್ಬಿಸಿದರೆ ಎದುರಿಗೆ ಕೆಂಡದಲ್ಲಿ ಸುಟ್ಟ ರೊಟ್ಟಿ, ನೀರು. ತಿಂದು ಮತ್ತೆ ಮಲಗಿದನಂತೆ. ದೂತ ಮತ್ತೆ ಬಂದು ಮತ್ತೆ ತಿನ್ನಿಸಿದನಂತೆ.

"ಕೇಳಿಸ್ತೇನೇ? ಬೋಧನೆ ಮಾಡ್ಲಿಲ್ಲ ಕಣೇ ದೇವದೂತ. ರೊಟ್ಟಿ ಕೊಟ್ಟ, ಮಲಗೋಕೆ ಬುಟ್ಟ."

"ಹರಕೆ, ದೊಡ್ಡಮ್ಮ..."

"ಪ್ರವಾದೀನೇ ತಿಂದವ್ನೆ. ನೀನೇನು ಅವನಿಗಿಂತ ಮೇಲಾ? ತಿನ್ನು!"

ಓದುವ ಭರದಲ್ಲಿ ಅಂಚು ಸೀದ ರೊಟ್ಟಿ ನನ್ನ ಕೈಯಲ್ಲಿದ್ದಾಗಲೇ, ಗಂಡನನ್ನು ನೋಡಲು ಬಂದ ಉಪದೇಶಿ ಬಾಗಿಲಲ್ಲಿ ನಿಂತಿದ್ದರು.

"ಹರಕೆ ಮುರಿಸ್ತಿದೀಯೇನಮ್ಮ? ಅದೂ ಆ ಪುಸ್ತಕ ಇಟ್ಕೊಂಡು?"

ದೊಡ್ಡಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದರು. "ಮುರಿಸ್ತಿದೀನಿ ಕಣ್ರೀ. ಪಾಪ ಬಂದ್ರೆ ನನ್ನ ತಲೆ ಮೇಲೆ ಬರ್ಲಿ, ಗಟ್ಟಿ ತಲೆ, ತಡ್ಕೊಳುತ್ತೆ. ಈ ಕೂಸು ಹೋದ್ರೆ ಯಾರ ತಲೆ ಮೇಲೆ ಹೇಳಿ? ನಿಮಗೂ ಒಂದು ರೊಟ್ಟಿ ಹಾಕ್ಲಾ?"

ನಾನು ತಿಂದೆ. ಉಪದೇಶಿಯ ಮುಖ ನೋಡಿಕೊಂಡೇ ತಿಂದೆ. ಅವರು ಕೊಡೆ ಎತ್ತಿಕೊಂಡು ಹೊರಟುಹೋದರು. ನಾನು ಮಲಗಿದೆ. ನಾಲ್ಕು ಮನೆಯ ರಾಗಿಯನ್ನು ದೊಡ್ಡಮ್ಮನೇ ಬೀಸಿದರು.

ಆಮೇಲೆ ದಿನಾ ಮಧ್ಯಾಹ್ನ ಒಂದು ರೊಟ್ಟಿ, ಒಂದು ಪುಟ. ಸಾಲಿನ ಮೇಲೆ ನನ್ನ ಬೆರಳು ಹಿಡಿದು ಅಕ್ಷರ ತೋರಿಸಿದವರೂ ಅವರೇ. ಐದನೆಯ ದಿನ ಎದೆಗೆ ಮತ್ತೆ ಹಾಲು ಇಳಿಯಿತು. ಮಗ ಗಟ್ಟಿಯಾಗಿ ಅತ್ತ. ಈಸ್ಟರ್ ಕಳೆದು ಗಂಡನೂ ಎದ್ದು ಕೂತ, ಹರಕೆ ಮುರಿದವಳ ಗಂಡ!

ಎರಡು ವರ್ಷಕ್ಕೆ ಪ್ಲೇಗು ಬಂತು. ಊರ ಹೊರಗಿನ ಗುಡಿಸಲುಗಳಲ್ಲಿಟ್ಟಿದ್ದ ರೋಗಿಗಳಿಗೆ ಗಂಜಿ ಕಾಯಿಸಲು ದೊಡ್ಡಮ್ಮ ಹೋದರು. ಬೇಡವೆಂದವರ ಮೇಲೆ ರೇಗಿಕೊಂಡೇ ಹೋದರು. ಬಟ್ಟೆ ಬದಲಿಸಲು ಒಮ್ಮೆ ಬಂದಾಗ ಕಣ್ಣು ಗುಳಿಬಿದ್ದಿತ್ತು. ನನ್ನ ಬಾಗಿಲ ಮುಂದೆ ನಿಂತು, "ಕಾಲು ಎತ್ತಿಡೋಕಾಗ್ತಿಲ್ಲ ಕಣೇ" ಎಂದರು. "ದೇವರು ನಿಮಗೆ ಶಕ್ತಿ ಕೊಡ್ಲಿ, ದೊಡ್ಡಮ್ಮ" ಎಂದೆ. ಅಷ್ಟೇ ಎಂದೆ... ಒಳಗೆ ಕರೆಯಲಿಲ್ಲ. ಎಂಟು ದಿನಕ್ಕೆ ಅಲ್ಲೇ ತೀರಿಕೊಂಡರು. ಎಲ್ಲಿ ಹೂತರೋ ನನಗೆ ತಿಳಿಯಲಿಲ್ಲ.

ಅವತ್ತಿನಿಂದ ದಣಿದು ಬಂದ ಯಾರಿಗೂ ನಾನು ಆ ಮಾತು ಹೇಳಿಲ್ಲ. ಚಾಪೆ ಹಾಸಿಕೊಡುತ್ತೇನೆ.

ಆ ಮಗನ ಮಗಳೇ ಈಗ ತೊಟ್ಟಿಲಲ್ಲಿರುವುದು. ಅತ್ತು ಅತ್ತು ಈಗ ತಾನೇ ಮಲಗಿದ್ದಾಳೆ, ಸೊಸೆಯೂ ಕಣ್ಣು ಮುಚ್ಚಿದ್ದಾಳೆ. ಮಗು ನೋಡಲು ಜನ ಬಂದು ಬಾಗಿಲು ತಟ್ಟುತ್ತಿದ್ದಾರೆ. ತಟ್ಟಲಿ. ಉಪದೇಶಿಯೇ ಬರಲಿ, ಬಿಷಪ್ಪರೇ ಬರಲಿ, ನಾನು ಏಳುವವಳಲ್ಲ. ಒಬ್ಬರಿಗೆ ಮಾತ್ರ ಓಡಿಹೋಗಿ ತೆಗೆಯುತ್ತಿದ್ದೆ. ಅವರು ಬರುವ ಹಾಗಿಲ್ಲ.